ಸರ್ಕಾರಿ ವಕೀಲರನ್ನು ನೇಮಿಸುವವರು ಯಾರು?

ಜಯಲಲಿತಾ ಅವರ ಅಕ್ರಮ ಆಸ್ತಿ ಮೊಕದ್ದಮೆ ಎಂದರೆ ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನ ಹೆಂಗಸರಿಗೆ ಮೊದಲು ನೆನಪಾಗುವುದು ಸೀರೆ. ಹತ್ತು ಸಾವಿರಕ್ಕೂ ಮೇಲಂತೆ! ಒಂದು ರೇಷ್ಮೆ ಸೀರೆ ಮಗ್ಗದಿಂದ ಇಳಿಯಲು ಎಷ್ಟು ದಿನ ಬೇಕೆಂದು ಬಲ್ಲ ಊರು ಮೊಳಕಾಲ್ಮೂರು, ಬಾಯಿ ಬಿಟ್ಟದ್ದು ಸಹಜವೇ. ಆದರೆ ನಾವು ಸೀರೆ ಎಣಿಸುತ್ತಾ ಮುಖ್ಯವಾದದ್ದನ್ನು ಬಿಟ್ಟೆವು.

2001ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದ ಮೇಲೆ ಚೆನ್ನೈನಲ್ಲಿ 76 ಸಾಕ್ಷಿಗಳನ್ನು ಪುನಃ ಕರೆಸಲಾಯಿತು. 64 ಮಂದಿ ಮಾತು ತಿರುಗಿಸಿದರು. ಸರ್ಕಾರಿ ವಕೀಲರು ಸುಮ್ಮನಿದ್ದರು. ಸುಮ್ಮನಿರದೆ ಏನು ಮಾಡಿಯಾರು? ಸರ್ಕಾರವೇ ಆರೋಪಿಯದು. 2003ರಲ್ಲಿ ಸುಪ್ರೀಂ ಕೋರ್ಟು ಮೊಕದ್ದಮೆಯನ್ನು ಬೆಂಗಳೂರಿಗೆ ವರ್ಗಾಯಿಸಿ, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಡನೆ ಸಮಾಲೋಚಿಸಿ ಕರ್ನಾಟಕವೇ ವಕೀಲರನ್ನು ನೇಮಿಸಲಿ ಎಂದಿತು. ಹಾಗೆ ಬಂದವರು ಬಿ.ವಿ. ಆಚಾರ್ಯ. 2012ರಲ್ಲಿ ಅವರು ಬಿಟ್ಟರು, ಕರ್ನಾಟಕ ಇನ್ನೊಬ್ಬರನ್ನು ನೇಮಿಸಿತು. 2014ರ ಸೆಪ್ಟೆಂಬರಿನಲ್ಲಿ ಶಿಕ್ಷೆಯಾಯಿತು.

ಮೇಲ್ಮನವಿಗೆ ಅದೇ ವಕೀಲರನ್ನು ತಮಿಳುನಾಡು ನೇಮಿಸಿತು. ವ್ಯಕ್ತಿ ಅವರೇ, ನೇಮಿಸಿದ ಕೈ ಬೇರೆ. ಆ ನೇಮಕ ಸಿಂಧುವಲ್ಲ ಎಂದು 2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೆ ವಾದವನ್ನು ಮತ್ತೆ ಕೇಳಬೇಕೆನ್ನಲಿಲ್ಲ. ಲಿಖಿತ ವಾದ ಸಲ್ಲಿಸಲು ಆಚಾರ್ಯರಿಗೆ ಸಿಕ್ಕದ್ದು ಒಂದೇ ದಿನ. ಮೇ 11ಕ್ಕೆ ಖುಲಾಸೆ. ಆ ತೀರ್ಪಿನಲ್ಲಿ ಸಾಲಗಳ ಮೊತ್ತ 24.17 ಕೋಟಿ ಎಂದಿತ್ತು, ಕೂಡಿಸಿದರೆ ಬರುವುದು 10.67 ಕೋಟಿ. ನಮ್ಮ ಏಳನೇ ತರಗತಿಯ ಹುಡುಗಿ ಹೀಗೆ ಕೂಡಿಸಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ತಪ್ಪನ್ನು ಎತ್ತಿ ತೋರಿಸಿದವರು ಆಚಾರ್ಯರು. ಕರ್ನಾಟಕ ಮೇಲ್ಮನವಿ ಹೋಯಿತು. 2017ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಕೆಳಗಿನ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಅಷ್ಟರಲ್ಲಿ ಜಯಲಲಿತಾ ತೀರಿಕೊಂಡಿದ್ದರು, ಉಳಿದ ಮೂವರು ಪರಪ್ಪನ ಅಗ್ರಹಾರದ ಜೈಲಿಗೆ ಹೋದರು.

ನನ್ನ ತಕರಾರು ಇರುವುದು ಕಾನೂನಿನ ಮೇಲೆ. ಜಿಲ್ಲೆಯ ಸರ್ಕಾರಿ ವಕೀಲರ ನೇಮಕಕ್ಕೆ ಜಿಲ್ಲಾಧಿಕಾರಿಗಳು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಹೆಸರುಗಳ ಪಟ್ಟಿ ಮಾಡಬೇಕೆಂಬ ನಿಯಮ ಅದರಲ್ಲಿದೆ. ವಿಶೇಷ ಸರ್ಕಾರಿ ವಕೀಲರಿಗೋ, 10 ವರ್ಷ ವಕೀಲಿ ಮಾಡಿದ್ದರಾಯಿತು, ಸರ್ಕಾರ ಯಾರನ್ನೂ ಕೇಳಬೇಕಾಗಿಲ್ಲ. 2024ರ ಜುಲೈನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯೂ ಇದನ್ನು ಹಾಗೆಯೇ ಉಳಿಸಿದೆ. ಚಿತ್ರದುರ್ಗದಲ್ಲಿ ಕೊಲೆ ಮೊಕದ್ದಮೆ ನಡೆಸುವವರಿಗಿರುವ ಕಟ್ಟುಪಾಡು ಮಂತ್ರಿಯ ವಿರುದ್ಧ ವಾದಿಸುವವರಿಗೆ ಬೇಡವೇ? ನಮ್ಮ ಮಹಿಳಾ ಸಂಘದವರು ಇನ್ನು ಮುಂದೆ ವಿಶೇಷ ವಕೀಲರು ಬೇಕೆಂದು ಮನವಿ ಕೊಡುವಾಗ, ಹೈಕೋರ್ಟನ್ನು ಕೇಳಿ ನೇಮಿಸಿ ಎಂಬ ಸಾಲನ್ನೂ ಸೇರಿಸಲಿ.