ಷರತ್ತುಗಳ ಪುಟ

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂದದ್ದು 1984ರಲ್ಲಿ. ಅದರ 13ನೇ ಕಲಂ ಮೊದಲ ಸಲ ಓದಿದವರಿಗೆ ಅಚ್ಚರಿಯಾಗುತ್ತದೆ. ಈ ನ್ಯಾಯಾಲಯದಲ್ಲಿ ವಕೀಲರ ಮೂಲಕ ಹಾಜರಾಗುವುದು ಕಕ್ಷಿದಾರರ ಹಕ್ಕಲ್ಲ, ನ್ಯಾಯಾಧೀಶರಿಗೆ ಅಗತ್ಯವೆನಿಸಿದರೆ ಕಾನೂನು ಬಲ್ಲವರೊಬ್ಬರ ನೆರವು ಪಡೆಯಬಹುದು ಎನ್ನುತ್ತದೆ ಅದು. ಗಂಡ ಹೆಂಡತಿ ತಮ್ಮ ಮಾತನ್ನು ತಾವೇ ಆಡಲಿ, ಕಪ್ಪು ಕೋಟು ನಡುವೆ ಬಂದರೆ ಬಿರುಕು ಅಗಲವಾದೀತು ಎಂಬ ಆಶಯ ಅದರ ಹಿಂದಿತ್ತು. ಆದರೆ ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲಕ್ಕೆ ಯಾವುದೇ ಕೆಲಸದ ದಿನ ಹೋಗಿ ನೋಡಿ, ಕೋರ್ಟ್ ಹಾಲ್‌ಗಳ ಮುಂದೆ ಕಡತ ಹಿಡಿದ ವಕೀಲರು ತುಂಬಿರುತ್ತಾರೆ. ವಕಾಲತ್ತಿನ ಜೊತೆ ಒಂದು ಮಧ್ಯಂತರ ಅರ್ಜಿ ಹಾಕಿ ಅನುಮತಿ ಕೇಳುವುದು ರೂಢಿ. ಮನಸ್ಸು ಮುರಿದಿರುವಾಗ ತನ್ನ ಹಿತವನ್ನು ತಾನೇ ನೋಡಿಕೊಳ್ಳುವುದು ಎಷ್ಟು ಕಷ್ಟವೆಂದು ಜಡ್ಜರಿಗೂ ಗೊತ್ತು.

ಈ ಅಂಕಣದಲ್ಲಿ ಒಳ್ಳೆಯ ತೀರ್ಪುಗಳ ಬಗ್ಗೆ, ಪಾಟೀ ಸವಾಲಿನ ಕಲೆಯ ಬಗ್ಗೆ ಬರೆಯುತ್ತ ಬಂದಿದ್ದೇನೆ. ಈ ವಾರ ಯಾರೂ ಹೊಗಳದ ಒಂದು ಬರವಣಿಗೆಯ ಸರದಿ. ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯಲ್ಲಿ ಷರತ್ತುಗಳ ಪುಟ ಎಂದು ಒಂದಿರುತ್ತದೆ. ಕುಟುಂಬದ ಕೇಸು ನಡೆಸುವ ವಕೀಲರ ಕಸುಬುದಾರಿಕೆ ತಿಳಿಯುವುದು ಅಲ್ಲಿ. ಹಾಲ್‌ನಲ್ಲಿ ಎಷ್ಟು ಜೋರಾಗಿ ವಾದಿಸಿದರು ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಆ ಪುಟದ ಕೆಲಸ ಮೊದಲ ಭೇಟಿಯಲ್ಲೇ ಶುರುವಾಗುತ್ತದೆ. ಬಂದವರು ನೋವು ಹೇಳಿಕೊಳ್ಳುತ್ತಾರೆ. ಒಳ್ಳೆಯ ವಕೀಲರು ಅದನ್ನು ಪೂರ್ತಿ ಕೇಳಿಸಿಕೊಂಡು, ಆಮೇಲೆ ತಾರೀಖುಗಳನ್ನು ಕೇಳುತ್ತಾರೆ. ಮದುವೆ ಎಂದು, ಯಾವ ಊರಿನಲ್ಲಿ? ಕೊನೆಯದಾಗಿ ಇಬ್ಬರೂ ಒಟ್ಟಿಗೆ ಸಂಸಾರ ಮಾಡಿದ್ದೆಲ್ಲಿ? ದೂರವಾದದ್ದು ಯಾವಾಗ? ಈ ಪ್ರಶ್ನೆಗಳಿಗೆ ಕಾರಣವಿದೆ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ತೀರಾ ಅಸಾಧಾರಣ ಕಷ್ಟವಿದ್ದರೆ ಹೊರತು, ಮದುವೆಯಾಗಿ ಒಂದು ವರ್ಷ ತುಂಬದೆ ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ಪರಸ್ಪರ ಒಪ್ಪಿಗೆಯದಾದರೆ ಒಂದು ವರ್ಷವೋ ಅದಕ್ಕಿಂತ ಹೆಚ್ಚೋ ಬೇರೆ ಬಾಳಿರಬೇಕು. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಅದೂ ಬೇರೆ ಇದ್ದಂತೆಯೇ ಎಂದು ಸುಪ್ರೀಂ ಕೋರ್ಟ್ 1991ರ ಸುರೇಷ್ಟಾ ದೇವಿ ಪ್ರಕರಣದಲ್ಲಿ ಹೇಳಿದೆ. ಊರಿನ ಪ್ರಶ್ನೆಯೂ ಅಷ್ಟೇ ಮುಖ್ಯ. ಹೆಂಡತಿ ತವರಿಗೆ ಮರಳಿ ಶಿವಮೊಗ್ಗದಲ್ಲಿದ್ದರೆ ಆಕೆ ಅಲ್ಲೇ ಅರ್ಜಿ ಹಾಕಬಹುದು. ಈ ಅನುಕೂಲ ಬಂದದ್ದು 2003ರ ತಿದ್ದುಪಡಿಯಿಂದ.

ಹೊರದೇಶದಲ್ಲಿರುವ ನಮ್ಮವರು ಇಲ್ಲಿ ಎಡವುವುದುಂಟು. ಇಲ್ಲಿನ ಛತ್ರದಲ್ಲಿ ಮದುವೆಯಾಗಿ ನ್ಯೂಜೆರ್ಸಿಯಲ್ಲಿ ನೆಲೆಸಿದ ಜೋಡಿಗೆ ಅಲ್ಲಿನ ಕೋರ್ಟ್ ಡಿಕ್ರಿ ಕೊಟ್ಟ ಮಾತ್ರಕ್ಕೆ ಇಲ್ಲಿಯೂ ಮದುವೆ ಮುರಿದಂತಾಗುವುದಿಲ್ಲ. ನಮ್ಮ ಕಾಯ್ದೆಯಲ್ಲಿಲ್ಲದ ಕಾರಣಕ್ಕೆ, ಎದುರಾಳಿ ಒಪ್ಪಿ ಭಾಗವಹಿಸದೆ ಬಂದ ವಿದೇಶಿ ಡಿಕ್ರಿಯನ್ನು ಮಾನ್ಯ ಮಾಡಲಾಗದು ಎಂದು ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೂ 1991ರದ್ದೇ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ದಾರಿ ಮಾಡಿಕೊಡುವ 13ಬಿ ಕಲಂ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿತು. ಇಬ್ಬರೂ ಒಟ್ಟಾಗಿ ಅರ್ಜಿ ಕೊಡಬೇಕು, ಆರು ತಿಂಗಳು ಕಾಯಬೇಕು, ಹದಿನೆಂಟು ತಿಂಗಳೊಳಗೆ ಮತ್ತೆ ಬಂದು ‘ಹೌದು, ನಮ್ಮ ನಿರ್ಧಾರ ಬದಲಾಗಿಲ್ಲ’ ಎನ್ನಬೇಕು. ಡಿಕ್ರಿ ಆಗುವವರೆಗೆ ಯಾರೊಬ್ಬರೂ ಒಪ್ಪಿಗೆ ಹಿಂತೆಗೆದುಕೊಳ್ಳಬಹುದು. ಅರ್ಜಿ ಹಾಕುವ ಹೊತ್ತಿಗೇ ಬೇರೆಯಾಗಿ ಒಂದೂವರೆ ವರ್ಷ ದಾಟಿದ್ದು, ಸಂಧಾನದ ಯತ್ನ ಮುಗಿದು, ಹಣ ಮತ್ತು ಮಕ್ಕಳ ವಿಚಾರ ಇತ್ಯರ್ಥವಾಗಿದ್ದರೆ ಆರು ತಿಂಗಳ ಕಾಯುವಿಕೆಯನ್ನು ನ್ಯಾಯಾಲಯ ಮನ್ನಾ ಮಾಡಬಹುದು. ಇದು 2017ರ ಅಮರ್‌ದೀಪ್ ಸಿಂಗ್ ತೀರ್ಪು. 2023ರಲ್ಲಿ ಸಂವಿಧಾನ ಪೀಠ ಕೊಟ್ಟ ಇನ್ನೊಂದು ತೀರ್ಪನ್ನು ಪತ್ರಿಕೆಯಲ್ಲಿ ಓದಿ, ‘ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ, ಇನ್ನು ಕಾರಣವೇ ಬೇಕಿಲ್ಲವಂತೆ’ ಎಂದು ಬರುವವರಿದ್ದಾರೆ. ಆ ಆಧಾರದ ಮೇಲೆ ವಿಚ್ಛೇದನ ಕೊಡುವ ಅಧಿಕಾರ ಸಂವಿಧಾನದ 142ನೇ ವಿಧಿಯಡಿ ಸುಪ್ರೀಂ ಕೋರ್ಟಿನದು ಮಾತ್ರ. ಕೌಟುಂಬಿಕ ನ್ಯಾಯಾಲಯಕ್ಕೆ ಅದಿಲ್ಲ.

ಇನ್ನು ಆ ಪುಟಕ್ಕೆ ಬರೋಣ.

‘ಮಗು ತಾಯಿಯ ಬಳಿ ಇರತಕ್ಕದ್ದು, ತಂದೆಗೆ ಮಗುವನ್ನು ನೋಡುವ ಹಕ್ಕಿರತಕ್ಕದ್ದು.’ ಇಷ್ಟಕ್ಕೇ ಮುಗಿಸಿದ ಅರ್ಜಿ ಕಂಡರೆ ನನಗೆ ಸಂಕಟವಾಗುತ್ತದೆ. ಯಾವ ಶನಿವಾರ? ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ? ಕರೆತರುವವರು ಯಾರು, ಮರಳಿ ಬಿಡುವವರು ಯಾರು? ದಸರಾ ರಜೆ ಯಾರಿಗೆ, ಬೇಸಿಗೆ ರಜೆ ಹೇಗೆ ಭಾಗ? ಯುಗಾದಿಯ ದಿನ ಅಜ್ಜಿಯ ಮನೆಗೆ ಹೋಗಬಹುದೇ? ಆ ವಾರ ಮಗುವಿಗೆ ಜ್ವರ ಬಂದರೆ ಬದಲಿ ದಿನ ಯಾವುದು? ಶಾಲೆಯ ಅಂಕಪಟ್ಟಿ ತಂದೆಗೂ ಸಿಗುತ್ತದೆಯೇ? ಪಾಸ್‌ಪೋರ್ಟ್ ಅರ್ಜಿಗೆ ಇಬ್ಬರ ಸಹಿ ಬೇಕಾದಾಗ ಏನು ಮಾಡುವುದು? ಬರೆಯುವಾಗ ಇದೆಲ್ಲ ಕ್ಷುಲ್ಲಕ ಅನಿಸುತ್ತದೆ. ಒಂದು ವರ್ಷದ ಬಳಿಕ ಇದೇ ವಿಚಾರಕ್ಕೆ ಮತ್ತೆ ಕೋರ್ಟಿನ ಮೆಟ್ಟಿಲು ಹತ್ತುವವರನ್ನು ಕೇಳಿ ನೋಡಿ. ಜೊತೆಗೆ, ‘ಮಗುವಿಗೆ ಜೀವನಾಂಶ ಬೇಡ’ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಅಳಿಯುವುದಿಲ್ಲ. ಅದು ಮಗುವಿನದೇ ಹಕ್ಕು. ಆ ಸಾಲನ್ನು ಸೇರಿಸಲು ಒಪ್ಪುವ ವಕೀಲರ ಬಗ್ಗೆ ಎಚ್ಚರವಿರಲಿ.

ಹಣದ ಷರತ್ತಿನಲ್ಲೂ ಹೀಗೆಯೇ. ಮೊತ್ತ ಎಷ್ಟು ಎಂಬುದಕ್ಕಿಂತ ಯಾವಾಗ, ಹೇಗೆ ಎಂಬಲ್ಲಿ ಜಗಳ ಹುಟ್ಟುತ್ತದೆ. ಅರ್ಧ ಹಣದ ಡಿಡಿ ಅರ್ಜಿ ಹಾಕುವ ದಿನ, ಉಳಿದರ್ಧ ಎರಡನೇ ಹೇಳಿಕೆಯ ದಿನ ಜಡ್ಜರ ಎದುರಿಗೇ ಕೈಸೇರಲಿ ಎಂದು ಬರೆಸುವುದು ಜಾಣತನ. ಒಡವೆಯಾದರೆ ಒಂದೊಂದರ ತೂಕ ಸಹಿತ ಪಟ್ಟಿ ಇರಲಿ. ಸ್ತ್ರೀಧನ ಹೆಣ್ಣಿನ ಸ್ವಂತ ಆಸ್ತಿ ಎಂದು 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಇತ್ಯರ್ಥವಾಗಿದೆ, ಆದರೆ ಪಟ್ಟಿಯಿಲ್ಲದ ಒಡವೆಯನ್ನು ಹುಡುಕಿಸುವುದು ಹೇಗೆ? ಜಂಟಿ ಗೃಹಸಾಲವಿದ್ದರೆ ಇನ್ನಷ್ಟು ಜಾಗ್ರತೆ. ‘ಇನ್ನು ಮುಂದೆ ಇಎಂಐ ಗಂಡನೇ ಕಟ್ಟತಕ್ಕದ್ದು’ ಎಂಬ ಷರತ್ತು ಅವರಿಬ್ಬರ ನಡುವಿನದು. ಬ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ. ಆತ ಕಟ್ಟದಿದ್ದರೆ ನೋಟಿಸು ಆಕೆಗೂ ಬರುತ್ತದೆ. ಬಲ್ಲ ವಕೀಲರು ಮೊದಲು ಬ್ಯಾಂಕಿಗೆ ಹೋಗಿ ಆಕೆಯ ಹೆಸರು ತೆಗೆಸಿಕೊಳ್ಳಲು ಹೇಳುತ್ತಾರೆ.

ಇನ್ನೊಂದು ಷರತ್ತು ಬಹಳ ಕಡೆ ಅರೆಬರೆಯಾಗಿರುತ್ತದೆ. ‘ಹೆಂಡತಿ ಕೊಟ್ಟ ದೂರನ್ನು ಹಿಂಪಡೆಯತಕ್ಕದ್ದು.’ ಕ್ರೌರ್ಯದ ವಿರುದ್ಧ ಹಳೆಯ ಭಾರತೀಯ ದಂಡ ಸಂಹಿತೆಯ 498ಎ ಕಲಮಿನಡಿ (2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ) ಹೂಡಿದ ಕ್ರಿಮಿನಲ್ ಕೇಸನ್ನು ನಮ್ಮಲ್ಲಿ ದೂರುದಾರರು ಸುಮ್ಮನೆ ಹಿಂಪಡೆಯುವಂತಿಲ್ಲ, ಹೈಕೋರ್ಟಿನಲ್ಲಿ ರದ್ದುಪಡಿಸಿಕೊಳ್ಳಬೇಕು. ಆ ಅರ್ಜಿ ಹಾಕುವವರು ಯಾರು, ಆಕೆ ಪ್ರಮಾಣಪತ್ರ ಕೊಡುವುದು ಎಂದು, ಆಕೆಗೆ ಸಿಗಬೇಕಾದ ಹಣದ ಕೊನೆಯ ಕಂತು ಅದಕ್ಕೆ ಮೊದಲೋ ನಂತರವೋ ಎಂಬುದೆಲ್ಲ ಬರವಣಿಗೆಯಲ್ಲಿರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನಂಬದ ಹೊತ್ತಿನಲ್ಲಿ ನಂಬಿಕೆಯ ಜಾಗವನ್ನು ತುಂಬುವುದು ಈ ಅನುಕ್ರಮವೇ.

ಒಪ್ಪಿಗೆ ಆಗದಿದ್ದರೆ ದಾರಿ ಉದ್ದ: ನೋಟಿಸು, ಆಕ್ಷೇಪಣೆ, ಸಾಕ್ಷ್ಯ, ಪಾಟೀ ಸವಾಲು, ವಾಯಿದೆಯ ಮೇಲೆ ವಾಯಿದೆ. ಅಲ್ಲಿಯೂ ಬರವಣಿಗೆಯೇ ಕೇಸನ್ನು ಉಳಿಸುವುದು, ಕೆಡಿಸುವುದು. ಅರ್ಜಿಯಲ್ಲಿ ಆಧಾರವಿಲ್ಲದೆ ಸಂಗಾತಿಯ ಶೀಲದ ಮೇಲೆ ಕೆಸರೆರಚಿದರೆ ಅದೇ ಮಾನಸಿಕ ಕ್ರೌರ್ಯವಾಗಬಹುದು ಎಂದು 2013ರ ಕೆ. ಶ್ರೀನಿವಾಸ ರಾವ್ ತೀರ್ಪು ಎಚ್ಚರಿಸಿದೆ. ‘ಇನ್ನೂ ಖಾರವಾಗಿ ಬರೆಯಿರಿ ಸಾರ್’ ಎಂದು ಒತ್ತಾಯಿಸುವ ಕಕ್ಷಿದಾರರಿಗೆ ವಕೀಲರು ಇದನ್ನು ಓದಿಸಬೇಕು. ಜೀವನಾಂಶದ ಪ್ರಶ್ನೆ ಬಂದಲ್ಲಿ, 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನ ಬಳಿಕ, ಇಬ್ಬರೂ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಸಂಬಳದ ಚೀಟಿ ಬಚ್ಚಿಡುವ ಹಳೆಯ ಚಾಳಿಗೆ ಇದರಿಂದ ದೊಡ್ಡ ಪೆಟ್ಟು ಬಿದ್ದಿದೆ, ನನಗದು ಸಂತೋಷ. ಕೇಸು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ಹೋದರೆ ಬಿಚ್ಚುಮನಸ್ಸಿನಿಂದ ಮಾತಾಡಿ. ಅಲ್ಲಿ ಆಡಿದ್ದು ಗೋಪ್ಯ, ಅದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ.

ವಕೀಲರನ್ನು ಆರಿಸುವಾಗ ತಿಳಿದಿರಬೇಕಾದ ಕೆಲವು ಮಾತು. ಅವರಿಗೆ ಹೇಳಿದ ಗುಟ್ಟನ್ನು ಕಾನೂನೇ ಕಾಯುತ್ತದೆ, ಆದ್ದರಿಂದ ನಿಮಗೆ ಹಾನಿಕರವಾದ ಸತ್ಯವನ್ನೂ ಹೇಳಿ. ಸಿಗುವ ಪರಿಹಾರದಲ್ಲಿ ಇಷ್ಟು ಪಾಲು ಎಂದು ಫೀಸು ಗೊತ್ತುಮಾಡುವುದನ್ನು ಬಾರ್ ಕೌನ್ಸಿಲ್ ನಿಯಮ ಒಪ್ಪುವುದಿಲ್ಲ. ವಕೀಲರನ್ನು ಬದಲಿಸಿದಾಗ ಫೀಸು ಬಾಕಿಯಿದೆಯೆಂದು ನಿಮ್ಮ ಕಡತವನ್ನು ಅವರು ಹಿಡಿದಿಟ್ಟುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ 2000ದಲ್ಲಿ ಇದನ್ನು ಸ್ಪಷ್ಟಪಡಿಸಿದೆ. ದುಡ್ಡಿಲ್ಲವೆಂದು ಹಿಂಜರಿಯಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಡಿಕ್ರಿ ಬಂದ ಮೇಲೆ ಅದರ ದೃಢೀಕೃತ ಪ್ರತಿಗಳನ್ನು ಒಂದಕ್ಕಿಂತ ಹೆಚ್ಚು ತೆಗೆಸಿಟ್ಟುಕೊಳ್ಳಿ. ಪಿಎಫ್, ಜೀವವಿಮೆ, ಬ್ಯಾಂಕ್ ಖಾತೆಗಳಲ್ಲಿ ನಾಮಿನಿಯ ಹೆಸರು ತಾನಾಗಿ ಬದಲಾಗುವುದಿಲ್ಲ, ಒಂದೊಂದನ್ನೂ ನೀವೇ ಹೋಗಿ ಬದಲಿಸಬೇಕು. ಮರುಮದುವೆಯ ಯೋಚನೆಯಿದ್ದರೆ, ಅದರಲ್ಲೂ ವಿರೋಧದ ನಡುವೆ ಬಂದ ಡಿಕ್ರಿಯಾದರೆ, ಮೇಲ್ಮನವಿಯ ಅವಧಿ ಮುಗಿದಿದೆಯೇ, ಮೇಲ್ಮನವಿ ಬಾಕಿಯಿದೆಯೇ ಎಂದು ವಕೀಲರಿಂದ ಕೇಳಿ ತಿಳಿದುಕೊಂಡು ಮುಹೂರ್ತ ಇಡಿಸಿ.