ಗಣಕದಲ್ಲಿ ಉರ್ದು: ಬರಹಕ್ಕೂ ಉಚ್ಚಾರಕ್ಕೂ ನಡುವೆ

1981ರಲ್ಲಿ ಲಾಹೋರಿನ ‘ಜಂಗ್’ ಪತ್ರಿಕೆಯು ನೂರಿ ನಸ್ತಾಲಿಕ್ ಲಿಪಿಯಲ್ಲಿ ಅಚ್ಚಾದಂದಿನಿಂದ ಉರ್ದು ಗಣಕೀಕರಣದ ಚರ್ಚೆಯು ಬಹುಮಟ್ಟಿಗೆ ಅಕ್ಷರದ ಚೆಲುವನ್ನೇ ಕುರಿತದ್ದಾಗಿದೆ. ಕಾತಿಬರ ಕೈಬರಹವನ್ನು ಯಂತ್ರಕ್ಕೆ ಒಗ್ಗಿಸಲು ಮಿರ್ಜಾ ಅಹಮದ್ ಜಮೀಲ್ ಸಾವಿರಾರು ಅಕ್ಷರಗುಚ್ಛಗಳನ್ನು ಬರೆಯಬೇಕಾಯಿತು. ಆ ಸಾಧನೆ ಸಣ್ಣದಲ್ಲ. ಆದರೆ ಕಣ್ಣಿಗೆ ಒಂದೆನಿಸಿದ್ದು ಗಣಕಕ್ಕೂ ಒಂದೇ ಆಗಿರಬೇಕೆಂದಿಲ್ಲ. ಅರಬ್ಬಿಯ ಕಾಫ್‌ಗೂ ಉರ್ದುವಿನ ಕಾಫ್‌ಗೂ ಯುನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತಗಳಿವೆ. ಪದಮಧ್ಯದಲ್ಲಿ ಎರಡೂ ಒಂದೇ ರೂಪ ತಾಳುತ್ತವೆ. ಆದರೂ ಒಂದರಲ್ಲಿ ಬರೆದ ಪದ ಇನ್ನೊಂದರಿಂದ ಹುಡುಕಿದರೆ ಸಿಕ್ಕದು.

ಇದಕ್ಕೆ ಪರಿಹಾರವಾಗಿ ಬಂದ ಏಕರೂಪೀಕರಣವೇ ವಿಮರ್ಶೆಗೆ ಒಳಗಾಗಬೇಕಾದುದು. ಸಂಕೇತಗಳನ್ನು ಒಂದುಗೂಡಿಸುವಾಗ ಜೇರ್, ಜಬರ್, ಪೇಶ್ ಎಂಬ ಸ್ವರಚಿಹ್ನೆಗಳನ್ನೂ ಅನೇಕ ವೇಳೆ ಕಿತ್ತುಹಾಕಲಾಗುತ್ತದೆ. ಅಚ್ಚಿನ ಗದ್ಯಕ್ಕೆ ಇದರಿಂದ ಹಾನಿ ಅಲ್ಪ. ‘ಇಸ್’ (ಈ), ‘ಉಸ್’ (ಆ) ಎರಡನ್ನೂ ಅಲಿಫ್, ಸೀನ್‌ಗಳಲ್ಲೇ ಬರೆಯುವುದು ರೂಢಿ. ಓದುಗರು ಸಂದರ್ಭದಿಂದ ಸ್ವರವನ್ನು ತುಂಬಿಕೊಳ್ಳುತ್ತಾರೆ. ಮೌಖಿಕ ಪಠ್ಯದ ಮಾತು ಬೇರೆ. ದಖ್ಖನಿಯ ಚಕ್ಕಿನಾಮಾವನ್ನು, ಎಂದರೆ ಬೀಸುವ ಹಾಡನ್ನು, ಹೆಂಗಸರ ಬಾಯಿಂದ ಬರೆದುಕೊಳ್ಳುವ ಸಂಗ್ರಾಹಕ ಹಾಕುವ ಒಂದು ಪೇಶ್ ಅಲಂಕಾರವಲ್ಲ, ಉಚ್ಚಾರದ ಸಾಕ್ಷ್ಯ. ಅದು ಅಳಿದರೆ ವಿಜಾಪುರ ಸೀಮೆಯ ಹಾಡೂ ದೆಹಲಿಯ ಪುಸ್ತಕಭಾಷೆಯಂತೆ ಓದಿಸಿಕೊಳ್ಳುತ್ತದೆ. ಇದೇ ಲಿಪಿಮೂಲದ ಕಾಶ್ಮೀರಿ ಬರಹದಲ್ಲಂತೂ ಸ್ವರಗಳನ್ನು ಗುರುತಿಸುವುದೇ ಕ್ರಮ. ಅಲ್ಲಿ ಈ ಅಳಿಸುವಿಕೆ ಪದವನ್ನೇ ಕೆಡಿಸುತ್ತದೆ.

ಹುಡುಕಲು ಸರಳೀಕೃತ ಪ್ರತಿ, ಓದಲು ಸಂಗ್ರಾಹಕನ ಮೂಲಪ್ರತಿ, ಎರಡನ್ನೂ ಇಟ್ಟುಕೊಳ್ಳಲು ಗಣಕಕ್ಕೆ ತೊಡಕೇನಿಲ್ಲ. ಮೂಲದ ಮೇಲೆಯೇ ತಿದ್ದುಪಡಿ ನಡೆದ ಸಂಗ್ರಹಗಳಲ್ಲಾದರೋ, ಕ್ಷೇತ್ರಕಾರ್ಯದ ಧ್ವನಿಸುರುಳಿ ಉಳಿಯದಿದ್ದಲ್ಲಿ, ಕಳೆದ ಸ್ವರವನ್ನು ಮರಳಿ ಪಡೆಯುವ ದಾರಿಯಿಲ್ಲ.