ಕೂಸಿಗೂ ಹೆಸರಿತ್ತು

ಮಗಳ ಬಾಣಂತನಕ್ಕೆಂದು ಕೆನಡಾಕ್ಕೆ ಹೋದಾಗ ಅಲ್ಲಿನ ಒಂದು ಸಣ್ಣ ವಸ್ತುಸಂಗ್ರಹಾಲಯ ನೋಡಿದೆ. ಗೋಡೆಯ ಮೇಲೆ ಹಳೆಯ ಫೋಟೋ: ಪಾದ್ರಿ, ಅವರ ಹೆಂಡತಿ, ಮೂವರು ಮಕ್ಕಳು. ಆಕೆಯ ಮಡಿಲಲ್ಲಿ ಲೇಸಿನ ಅಂಗಿ ತೊಟ್ಟ ಕೂಸು. ಅದು ಅಲುಗದಿರಲೆಂದು ಹೊಟ್ಟೆಯ ಮೇಲೆ ಮೆತ್ತಗೆ ಕೈಯಿಟ್ಟಿದ್ದಾಳೆ. ಅದೇ ವಾರ ಮೊಮ್ಮಗಳಿಗೆ ಎಣ್ಣೆ ತಿಕ್ಕಿದ್ದ ನನ್ನ ಕೈ ನೆನಪಾಯಿತು. ಕೆಳಗಿನ ಚೀಟಿಯಲ್ಲಿ ಕೂಸಿನ ಹೆಸರೂ ಇತ್ತು.

ಪಕ್ಕದಲ್ಲೇ ಇನ್ನೊಂದು ಫೋಟೋ. ಅದೇ ಪಾದ್ರಿ ನಡೆಸುತ್ತಿದ್ದ ವಸತಿಶಾಲೆಯ ಮೆಟ್ಟಿಲ ಮೇಲೆ ಸಾಲಾಗಿ ನಿಂತ ಮೂಲನಿವಾಸಿ ಮಕ್ಕಳು. ಒಂದೇ ತರಹದ ಅಂಗಿ, ಒಂದೇ ತರಹ ಕತ್ತರಿಸಿದ ಕೂದಲು. ಚೀಟಿಯಲ್ಲಿ ‘ವಿದ್ಯಾರ್ಥಿಗಳು’ ಎಂಬ ಒಂದೇ ಮಾತು.

ಸರ್ಕಾರದ ಹಣದಲ್ಲಿ ಚರ್ಚುಗಳು ನಡೆಸಿದ ಇಂಥ ಶಾಲೆಗಳಿಗೆ, 1880ರ ದಶಕದಿಂದ 1990ರ ದಶಕದವರೆಗೆ, 1,50,000ಕ್ಕೂ ಹೆಚ್ಚು ಮಕ್ಕಳನ್ನು ಕಳಿಸಲಾಯಿತು. ಮನೆಮಾತು ಆಡಿದರೆ ಶಿಕ್ಷೆ. ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ. 2015ರಲ್ಲಿ ಕೆನಡಾದ ಸತ್ಯ ಮತ್ತು ಸಂಧಾನ ಆಯೋಗ 3,200 ಸಾವುಗಳನ್ನು ಗುರುತಿಸಿತು. ಅವುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿಗೆ ಶಾಲೆಯವರಾಗಲಿ ಸರ್ಕಾರವಾಗಲಿ ಸತ್ತ ಮಗುವಿನ ಹೆಸರನ್ನೇ ಬರೆದಿಟ್ಟಿರಲಿಲ್ಲ. ಆ ಚೀಟಿಯ ಮೌನಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲವೆಂದು ಹೇಗೆ ಹೇಳಲಿ?

ಪಾದ್ರಿಯ ಹೆಂಡತಿ ಕೆಟ್ಟವಳೆಂದು ನಾನು ಹೇಳಲಾರೆ. ಕೂಸಿನ ಮೇಲಿದ್ದ ಅವಳ ಕೈ ಸುಳ್ಳಲ್ಲ. ನನ್ನನ್ನು ಕಾಡಿದ್ದೂ ಅದೇ. ಮಗು ತಾಯಿಯ ಮಡಿಲಲ್ಲಿರಬೇಕೆಂದು ಇಷ್ಟು ಚೆನ್ನಾಗಿ ಬಲ್ಲ ಮನೆಯ ಪಕ್ಕದಲ್ಲೇ, ತಾಯಿಯಿಂದ ಬೇರೆಯಾದ ಅಷ್ಟೊಂದು ಮಕ್ಕಳು ಮಲಗುತ್ತಿದ್ದರು. ಸಂಗ್ರಹಾಲಯದವರು ಒಂದನ್ನು ಸಂಸಾರದ ಚಿತ್ರ, ಇನ್ನೊಂದನ್ನು ಶಾಲೆಯ ಚಿತ್ರ ಎಂದು ತೂಗುಹಾಕಿದ್ದಾರೆ. ನನಗೆ ಎರಡೂ ಸಂಸಾರದ ಚಿತ್ರಗಳೇ. ಎರಡನೆಯದರಲ್ಲಿ ತಾಯಂದಿರು ಚೌಕಟ್ಟಿನ ಹೊರಗಿದ್ದಾರೆ, ಅಷ್ಟೆ.

ಇದನ್ನು ಬೇರೆ ರೀತಿಯಲ್ಲಿ ಮಾಡಿ ತೋರಿಸಿದವರೂ ಅದೇ ದೇಶದಲ್ಲಿದ್ದಾರೆ. ಸೂ ಸೇಂಟ್ ಮೇರಿ ಪಟ್ಟಣದಲ್ಲಿ ಎಡ್ವರ್ಡ್ ವಿಲ್ಸನ್ ಎಂಬ ಪಾದ್ರಿ 1875ರಲ್ಲಿ ಶಿಂಗ್‌ವಾಕ್ ವಸತಿಶಾಲೆ ತೆರೆದರು. ಅದು 1970ರಲ್ಲಿ ಮುಚ್ಚಿತು. 1981ರಲ್ಲಿ ಅಲ್ಲಿ ಓದಿದವರು ಮತ್ತೆ ಅಲ್ಲೇ ಸೇರಿದರು. ಆ ಕಟ್ಟಡದಲ್ಲಿ ಈಗ ಅಲ್ಗೋಮಾ ವಿಶ್ವವಿದ್ಯಾಲಯವಿದೆ. ಅಲ್ಲಿನ ದಾಖಲೆ ಕೇಂದ್ರದಲ್ಲಿ ಬದುಕುಳಿದವರೂ ಅವರ ಮನೆಯವರೂ ಹಳೆಯ ಫೋಟೋಗಳಲ್ಲಿನ ಮುಖಗಳಿಗೆ ಹೆಸರು ಸೇರಿಸುತ್ತಾ ಬಂದಿದ್ದಾರೆ. ತಮ್ಮ ಅಜ್ಜಿಯನ್ನು ಮೊದಲ ಸಲ ಹುಡುಗಿಯಾಗಿ ನೋಡುವವರು ಹೇಗೆ ನಡುಗಬಹುದು, ನೀವೇ ಯೋಚಿಸಿ.

ಪಾದ್ರಿಯ ಸಂಸಾರದ ಫೋಟೋ ಕಿತ್ತು ಹಾಕಿ ಎಂದು ನಾನು ಕೇಳುವುದಿಲ್ಲ. ಅದು ಅಲ್ಲೇ ಇರಲಿ, ಪಕ್ಕದ ಫೋಟೋವೂ ಇರಲಿ. ಎರಡನೆಯ ಚೀಟಿಯನ್ನು ಮಾತ್ರ ಮತ್ತೆ ಬರೆಯಲಿ. ಹೆಸರು ಸಿಕ್ಕ ಮಕ್ಕಳಿಗೆ ಹೆಸರು, ಸಿಗದವರಿಗೆ ಅದು ಯಾಕೆ ಸಿಗಲಿಲ್ಲ ಎಂಬ ನಿಜ.